ಕಾಯಿಲೆ ಇಲ್ಲದವರು ಆತಂಕದ ಮಾತ್ರೆ ನುಂಗಿದರೆ ಮಿದುಳಿನಲ್ಲಿ ನಡೆಯುವುದೇನು?

ಕೃಷ್ಣೆಯ ದಂಡೆ

ಎಲ್ಲರಿಗೂ ನಮಸ್ಕಾರ. ನನ್ನ ತಮ್ಮ ಧಾರವಾಡದ ಸಪ್ತಾಪುರದಲ್ಲಿ ಕೊಠಡಿ ಹಿಡಿದು ಕೆಎಎಸ್ ಪರೀಕ್ಷೆಗೆ ಓದುತ್ತಿದ್ದಾನೆ. ಇಪ್ಪತ್ತೈದರ ಹುಡುಗ. ಬಿಪಿ, ಸಕ್ಕರೆ ಏನೂ ಇಲ್ಲ, ಮನಸ್ಸಿನ ಕಾಯಿಲೆಯೂ ಇಲ್ಲ. ಮೊನ್ನೆ ಊರಿಗೆ ಬಂದಾಗ ಒಗೆಯಲು ಹಾಕಿದ ಪ್ಯಾಂಟಿನ ಕಿಸೆಯಲ್ಲಿ ಆಲ್ಪ್ರಜೊಲಾಮ್ 0.5 ಮಿಲಿಗ್ರಾಂ ಮಾತ್ರೆಯ ಸ್ಟ್ರಿಪ್ ಸಿಕ್ಕಿತು. ಕೇಳಿದರೆ, "ಅಣಕು ಸಂದರ್ಶನಕ್ಕೆ ಮುಂಚೆ ಅರ್ಧ ತೆಗೆದುಕೊಳ್ಳುತ್ತೇನೆ ಅಕ್ಕಾ. ಇಲ್ಲಿ ಬಹಳ ಜನ ತೆಗೆದುಕೊಳ್ಳುತ್ತಾರೆ. ಕಾಯಿಲೆಯವರಿಗೇ ಕೊಡುವ ಮಾತ್ರೆ, ಗಟ್ಟಿಯಾಗಿರುವ ನನಗೇನು ಮಾಡೀತು?" ಎಂದ.

ಬೈದು ಬಾಯಿ ಮುಚ್ಚಿಸಬಹುದಿತ್ತು. ಆದರೆ ಅವನ ಪ್ರಶ್ನೆಗೆ ನನ್ನಲ್ಲಿ ಉತ್ತರವಿರಲಿಲ್ಲ. ಆತಂಕದ ಕಾಯಿಲೆ ಇಲ್ಲದ ಮಿದುಳಿನಲ್ಲಿ ಈ ಮಾತ್ರೆ ನಿಜವಾಗಿ ಏನು ಮಾಡುತ್ತದೆ? "ವೈದ್ಯರನ್ನು ಕೇಳಿ" ಎಂಬ ಒಂದು ಸಾಲಿನ ಉತ್ತರ ದಯವಿಟ್ಟು ಬೇಡ, ಅದು ನನಗೂ ಗೊತ್ತಿದೆ. ಒಳಗೆ ನಡೆಯುವುದೇನೆಂದು ತಿಳಿದರೆ ಅವನ ಎದುರು ಕುಳಿತು ಮಾತನಾಡಬಲ್ಲೆ.

ಸಂಜೆಮಲ್ಲಿಗೆ

ನಾನು ವೈದ್ಯಕೀಯ ಕಾಲೇಜಿನಲ್ಲಿ ಔಷಧಶಾಸ್ತ್ರ ಕಲಿಸುತ್ತೇನೆ. ನಿಮ್ಮ ತಮ್ಮನ ಪ್ರಶ್ನೆಯನ್ನು ನನ್ನ ವಿದ್ಯಾರ್ಥಿಗಳೂ ಕೇಳುತ್ತಾರೆ. ಆದ್ದರಿಂದ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ.

ಕಾಯಿಲೆ ಎಲ್ಲಿದೆ ಎಂದು ಹುಡುಕಿಕೊಂಡು ಹೋಗುವ ಶಕ್ತಿ ಯಾವ ಮಾತ್ರೆಗೂ ಇಲ್ಲ. ಅದು ರಕ್ತದಲ್ಲಿ ಸೇರುತ್ತದೆ, ಮಿದುಳಿಗೆ ಹೋಗುತ್ತದೆ, ತನಗೆ ಹೊಂದುವ ಗ್ರಾಹಕ (ರಿಸೆಪ್ಟರ್, ಅಂದರೆ ನರಕೋಶದ ಮೇಲೆ ರಾಸಾಯನಿಕ ಬಂದು ಕೂರುವ ಜಾಗ) ಎಲ್ಲೆಲ್ಲಿದೆಯೋ ಅಲ್ಲೆಲ್ಲ ಕೂರುತ್ತದೆ. ಆ ಗ್ರಾಹಕಗಳು ನಿಮ್ಮ ತಮ್ಮನಲ್ಲೂ ಇವೆ, ನನ್ನಲ್ಲೂ ಇವೆ.

ಆಲ್ಪ್ರಜೊಲಾಮ್ ಬೆಂಜೊಡಯಜೆಪೀನ್ ಎಂಬ ಗುಂಪಿಗೆ ಸೇರಿದ್ದು. ರೋಷ್ ಕಂಪನಿಯ ಅಮೆರಿಕದ ಪ್ರಯೋಗಾಲಯದಲ್ಲಿ ಲಿಯೊ ಸ್ಟರ್ನ್‌ಬಾಕ್ ಕಂಡುಹಿಡಿದ ಕ್ಲೋರ್‌ಡಯಜೆಪಾಕ್ಸೈಡ್ 1960ರಲ್ಲಿ ಮಾರುಕಟ್ಟೆಗೆ ಬಂತು, ಡಯಜೆಪಾಮ್ 1963ರಲ್ಲಿ. ಆ ಮಾತ್ರೆಗಳು ಮಿದುಳಿನಲ್ಲಿ ಎಲ್ಲಿ ಅಂಟಿಕೊಳ್ಳುತ್ತವೆ ಎಂಬುದು ಗೊತ್ತಾದದ್ದು 1977ರಲ್ಲಿ. ಅಂದರೆ ಕೋಟ್ಯಂತರ ಜನ ನುಂಗಿದ ಮೇಲೆ ಅದರ ವಿಳಾಸ ಸಿಕ್ಕಿತು.

ಆ ವಿಳಾಸ ಗಾಬಾ ಎಂಬ ರಾಸಾಯನಿಕದ ಗ್ರಾಹಕ. ನರಕೋಶಗಳ ಓಟಕ್ಕೆ ಕಡಿವಾಣ ಹಾಕುವ ಮುಖ್ಯ ರಾಸಾಯನಿಕವೇ ಗಾಬಾ. ಅದರ ಗ್ರಾಹಕವನ್ನು ಕೆರೆಯ ತೂಬಿನಂತೆ ಭಾವಿಸಿ. ಗಾಬಾ ಬಂದು ಕೂತಾಗ ತೂಬು ತೆರೆಯುತ್ತದೆ, ಕ್ಲೋರೈಡ್ ಅಯಾನುಗಳು ಕೋಶದೊಳಗೆ ನುಗ್ಗುತ್ತವೆ, ಆ ನರಕೋಶ ಸದ್ದು ಕಡಿಮೆ ಮಾಡುತ್ತದೆ. ಬೆಂಜೊಡಯಜೆಪೀನ್ ತಾನಾಗಿ ತೂಬು ತೆರೆಯುವುದಿಲ್ಲ. ಪಕ್ಕದ ಇನ್ನೊಂದು ಜಾಗದಲ್ಲಿ ಕೂತು, ಗಾಬಾ ಬಂದಾಗ ತೂಬು ಮತ್ತೆ ಮತ್ತೆ ತೆರೆಯುವಂತೆ ಮಾಡುತ್ತದೆ. ಹಿಂದಿನ ಕಾಲದ ಬಾರ್ಬಿಚುರೇಟ್ ಎಂಬ ನಿದ್ದೆಯ ಮಾತ್ರೆಗಳು ಒಮ್ಮೆ ತೆರೆದದ್ದನ್ನು ಹೆಚ್ಚು ಹೊತ್ತು ತೆರೆದೇ ಇಡುತ್ತಿದ್ದವು. ಪ್ರಮಾಣ ಮೀರಿದರೆ ಗಾಬಾ ಇಲ್ಲದೆಯೂ ತೆರೆಯುತ್ತಿದ್ದವು. ಅವುಗಳಿಂದ ಅಷ್ಟೊಂದು ಸಾವುಗಳಾದದ್ದು ಹಾಗೆ. ಆ ಲೆಕ್ಕದಲ್ಲಿ ಬೆಂಜೊಡಯಜೆಪೀನ್ ಸುರಕ್ಷಿತವೇ, ಅದನ್ನು ಅಲ್ಲಗಳೆಯುವುದಿಲ್ಲ.

ತೊಂದರೆ ಇರುವುದು ಮುಂದೆ. ಈ ಗ್ರಾಹಕದಲ್ಲಿ ಒಳಜಾತಿಗಳಿವೆ. ಇಲಿಗಳ ವಂಶವಾಹಿ ಬದಲಿಸಿ ನೋಡಿದಾಗ ಆಲ್ಫಾ-1 ಎಂಬ ಬಗೆ ಮಂಪರಿಗೂ ಮರೆವಿಗೂ, ಆಲ್ಫಾ-2 ಎಂಬುದು ಭಯ ತಗ್ಗಿಸುವುದಕ್ಕೂ ಹೆಚ್ಚು ಸಂಬಂಧಪಟ್ಟಿವೆ ಎಂದು ಕಂಡುಬಂತು. ಆಲ್ಪ್ರಜೊಲಾಮ್‌ಗೆ ಈ ಭೇದ ಗೊತ್ತಿಲ್ಲ. ಎರಡರ ಮೇಲೂ ಕೂರುತ್ತದೆ. ಹಾಗಾಗಿ ಎದೆಬಡಿತದ ಗಾಬರಿ ಇಳಿಯುವ ಹೊತ್ತಿಗೆ ಹೊಸ ನೆನಪು ಕಟ್ಟುವ ಕೆಲಸವೂ ಸಡಿಲವಾಗುತ್ತದೆ. ಮಾತ್ರೆ ನುಂಗುವ ಮುಂಚೆ ಓದಿದ್ದು ಉಳಿಯುತ್ತದೆ, ನುಂಗಿದ ಮೇಲೆ ಓದಿದ್ದು ಸರಿಯಾಗಿ ಅಂಟುವುದಿಲ್ಲ. ಇದು ಕಾಯಿಲೆಯವರಲ್ಲಿ ಮಾತ್ರ ಕಂಡದ್ದಲ್ಲ. ಸ್ವಸ್ಥ ಸ್ವಯಂಸೇವಕರಿಗೆ ಇದೇ ಗುಂಪಿನ ಲೊರಾಜೆಪಾಮ್ ಕೊಟ್ಟು ನೆನಪಿನ ಪರೀಕ್ಷೆ ಮಾಡುವುದು ಮನೋವಿಜ್ಞಾನದಲ್ಲಿ ಹಳೆಯ ಪದ್ಧತಿ.

2005ರಲ್ಲಿ ಪ್ರಕಟವಾದ ಅಮೆರಿಕದ ಒಂದು ಅಧ್ಯಯನದಲ್ಲಿ 15 ಮಂದಿ ಸ್ವಸ್ಥರಿಗೆ ಲೊರಾಜೆಪಾಮ್ ಕೊಟ್ಟು, ಕೋಪದ, ಭಯದ ಮುಖಗಳನ್ನು ತೋರಿಸುತ್ತ ಮಿದುಳನ್ನು ಸ್ಕ್ಯಾನ್ ಮಾಡಿದ್ದರು. ಪ್ರಮಾಣ ಏರಿದಂತೆ ಭಯ, ಭಾವನೆಗಳಿಗೆ ಸಂಬಂಧಪಟ್ಟ ಅಮಿಗ್ಡಲಾ ಮತ್ತು ಇನ್ಸುಲಾ ಎಂಬ ಭಾಗಗಳ ಚಟುವಟಿಕೆ ಇಳಿಯಿತು. "ನನಗೇನು ಮಾಡೀತು" ಎಂಬುದಕ್ಕೆ ಇದೇ ನೇರ ಉತ್ತರ: ಕಾಯಿಲೆ ಇರಲಿ ಬಿಡಲಿ, ಮಾಡುತ್ತದೆ.

ಹಳೆಯ ಅಭ್ಯರ್ಥಿ

ಅಕ್ಕಾ, ನಾನೂ ಆ ಬೀದಿಗಳಲ್ಲಿ ಓದಿ ಬಂದವನು. ಸಂಜೆಮಲ್ಲಿಗೆ ಮೇಡಂ ಹೇಳಿದ ಮರೆವನ್ನು ಕಣ್ಣಾರೆ ಕಂಡಿದ್ದೇನೆ. ನನ್ನ ಕೊಠಡಿಯವನೊಬ್ಬ ಸಂಜೆ ಮಾತ್ರೆ ತೆಗೆದುಕೊಂಡು, ಸಂವಿಧಾನದ ತುರ್ತು ಪರಿಸ್ಥಿತಿಯ ಅಧ್ಯಾಯ ಹಿಡಿದು ಕೂತ. 352, 356, 360ನೇ ವಿಧಿಗಳಿಗೆ ಹಸಿರು ಬಣ್ಣದಲ್ಲಿ ಗೆರೆ ಎಳೆದ, ಬದಿಯಲ್ಲಿ ಟಿಪ್ಪಣಿ ಬರೆದ. ಬೆಳಿಗ್ಗೆ ಚಹಾದ ಅಂಗಡಿಯಲ್ಲಿ ರಾಷ್ಟ್ರಪತಿ ಆಳ್ವಿಕೆಯ ಅವಧಿ ಎಷ್ಟು ಎಂದು ಕೇಳಿದರೆ ಆ ಪುಟವನ್ನು ತಾನು ಓದಿಯೇ ಇಲ್ಲ ಎಂದು ವಾದಿಸಿದ. ಪುಸ್ತಕ ತೆರೆದು ತೋರಿಸಿದಾಗ ತನ್ನದೇ ಅಕ್ಷರವನ್ನು ಪರರದೆಂಬಂತೆ ನೋಡಿದ.

ಆ ಸಂಜೆ ತಾನು ಬಹಳ ಚೆನ್ನಾಗಿ ಓದಿದೆ ಎಂದೇ ಅವನು ನಂಬಿದ್ದ. ನನಗೆ ಹೆದರಿಕೆ ಹುಟ್ಟಿಸಿದ್ದು ಅದೇ.

ಸಂಜೆಮಲ್ಲಿಗೆ

ಹೌದು, ಅದೂ ದಾಖಲಾಗಿರುವ ಸಂಗತಿ. ತನ್ನ ಕೆಲಸದ ಮಟ್ಟ ಇಳಿದಿದೆ ಎಂಬ ಅರಿವೂ ಜೊತೆಗೇ ಇಳಿಯುತ್ತದೆ. ಮಾತ್ರೆ ತೆಗೆದುಕೊಂಡು ಬೈಕ್ ಓಡಿಸುವವರ ವಿಷಯದಲ್ಲಿ ನನಗಿರುವ ದೊಡ್ಡ ಚಿಂತೆ ಇದು. ಆಲ್ಪ್ರಜೊಲಾಮ್‌ನ ಪರಿಣಾಮ ಒಂದೆರಡು ಗಂಟೆಯಲ್ಲಿ ಏರಿ ನಿಲ್ಲುತ್ತದೆ. ರಕ್ತದಲ್ಲಿ ಅದರ ಪ್ರಮಾಣ ಅರ್ಧಕ್ಕೆ ಇಳಿಯಲು ಸುಮಾರು 11 ಗಂಟೆ ಬೇಕು. ರಾತ್ರಿಯ ಮಾತ್ರೆ ಬೆಳಗಿನ ತರಗತಿಗೂ ಬಂದಿರುತ್ತದೆ.

ಔಷಧಿ ಕಪಾಟು

ದಾವಣಗೆರೆ ಕಡೆಯ ಔಷಧಿ ಅಂಗಡಿಯವನು ನಾನು. ಕಾನೂನಿನ ಮಾತು ಮೊದಲು. ಆಲ್ಪ್ರಜೊಲಾಮ್, ಡಯಜೆಪಾಮ್ ಎಲ್ಲ ಎಚ್-1 ಅನುಸೂಚಿಯ ಔಷಧಿಗಳು. ಸ್ಟ್ರಿಪ್ಪಿನ ಮೇಲೆ ಕೆಂಪು ಚೌಕಟ್ಟಿನ ಎಚ್ಚರಿಕೆ ಇರುತ್ತದೆ. ವೈದ್ಯರ ಚೀಟಿ ಇಲ್ಲದೆ ಮಾರುವಂತಿಲ್ಲ. ಚೀಟಿ ಇದ್ದರೂ ರೋಗಿಯ ಹೆಸರು, ವೈದ್ಯರ ಹೆಸರು, ಕೊಟ್ಟ ಪ್ರಮಾಣ ಎಲ್ಲವನ್ನೂ ಪ್ರತ್ಯೇಕ ವಹಿಯಲ್ಲಿ ಬರೆದು 3 ವರ್ಷ ಇಟ್ಟಿರಬೇಕು. ಮಾದಕ ದ್ರವ್ಯಗಳ 1985ರ ಕಾಯ್ದೆಯ ಪಟ್ಟಿಯಲ್ಲೂ ಇವು ಇವೆ. ಆ ಹುಡುಗನಿಗೆ ಚೀಟಿ ಇಲ್ಲದೆ ಕೊಟ್ಟವರು ನಮ್ಮ ವೃತ್ತಿಗೇ ದ್ರೋಹ ಮಾಡಿದ್ದಾರೆ, ಮುಲಾಜಿಲ್ಲದೆ ಹೇಳುತ್ತೇನೆ.

ಎರಡನೆಯದು ವಸತಿಗೃಹದ ಹುಡುಗರೆಲ್ಲ ತಿಳಿದಿರಬೇಕಾದದ್ದು. ತೊಡೆಸಂದಿಯ ಹುಳುಕಡ್ಡಿಗೆ ಇತ್ತೀಚೆಗೆ ಎಲ್ಲರೂ ಇಟ್ರಾಕೊನಜೋಲ್ ಕ್ಯಾಪ್ಸೂಲ್ ನುಂಗುತ್ತಾರೆ. ಒದ್ದೆ ಬಟ್ಟೆ, ಸೆಕೆ, ಒಂದೇ ಟವೆಲ್ಲು, ಬೇಗ ಹರಡುತ್ತದೆ. ಆಲ್ಪ್ರಜೊಲಾಮನ್ನು ಒಡೆದು ಹೊರಹಾಕುವ ಯಕೃತ್ತಿನ ಕಿಣ್ವವನ್ನು ಇಟ್ರಾಕೊನಜೋಲ್ ತಡೆಹಿಡಿಯುತ್ತದೆ. ಎರಡನ್ನೂ ಒಟ್ಟಿಗೆ ತೆಗೆದುಕೊಂಡರೆ ಅರ್ಧ ಮಾತ್ರೆಯ ಪರಿಣಾಮ ಅರ್ಧ ಮಾತ್ರೆಯದಾಗಿ ಉಳಿಯುವುದಿಲ್ಲ. ಈ ಜೋಡಿ ನಿಷಿದ್ಧ ಎಂದು ಔಷಧಿಯ ಮಾಹಿತಿ ಪತ್ರದಲ್ಲೇ ಇದೆ. ಚರ್ಮದ ವೈದ್ಯರಿಗೆ ಹುಡುಗ ಆಲ್ಪ್ರಜೊಲಾಮ್ ವಿಷಯ ಹೇಳಿರುವುದಿಲ್ಲ, ಅವರು ಕೇಳಿರುವುದಿಲ್ಲ.

ಮದ್ಯವೂ ಗಾಬಾ ಗ್ರಾಹಕದ ಮೇಲೆಯೇ ಕೆಲಸ ಮಾಡುತ್ತದೆ. ಕೋಡೀನ್ ಇರುವ ಕೆಮ್ಮಿನ ಔಷಧಿ, ಟ್ರಮಡಾಲ್ ನೋವಿನ ಮಾತ್ರೆ ಇವು ಬೇರೆ ದಾರಿಯಿಂದ ಬಂದು ಉಸಿರಾಟವನ್ನು ಕುಗ್ಗಿಸುತ್ತವೆ. ಯಾವುದನ್ನು ಸೇರಿಸಿದರೂ ಪ್ರಾಣಕ್ಕೆ ಅಪಾಯ.

ಪ್ರಶ್ನೆ ಮಾಡುವವ

ಇಷ್ಟೆಲ್ಲ ವಿಜ್ಞಾನ ಹೇಳುತ್ತೀರಿ, ಸಂತೋಷ. ಆದರೆ 2022ರಲ್ಲಿ ಲಂಡನ್ನಿನ ಜೊವಾನಾ ಮೊನ್‌ಕ್ರೀಫ್ ತಂಡ ಹಳೆಯ ಅಧ್ಯಯನಗಳನ್ನೆಲ್ಲ ಜಾಲಾಡಿ, ಖಿನ್ನತೆಗೆ ಸೆರೊಟೋನಿನ್ ಎಂಬ ಮಿದುಳಿನ ರಾಸಾಯನಿಕದ ಕೊರತೆ ಕಾರಣ ಎಂಬುದಕ್ಕೆ ಗಟ್ಟಿ ಆಧಾರವಿಲ್ಲ ಎಂದು ತೋರಿಸಿತಲ್ಲವೇ? ಆತಂಕಕ್ಕೂ ಖಿನ್ನತೆಗೆ ಕೊಡುವ, ಸೆರೊಟೋನಿನ್ ಮೇಲೆ ಕೆಲಸ ಮಾಡುವ ಅದೇ ಎಸ್ಎಸ್ಆರ್‌ಐ ಮಾತ್ರೆಗಳನ್ನು ಕೊಡುತ್ತಾರೆ. ಕೊರತೆಯೇ ಇಲ್ಲದಿದ್ದರೆ ಕಾಯಿಲೆಯವರ ಮಿದುಳೂ ಸ್ವಸ್ಥರ ಮಿದುಳೂ ಒಂದೇ ಆಯಿತು. ಹಾಗಾದರೆ ಇಡೀ ವ್ಯವಹಾರವೇ ಕಂಪನಿಗಳ ಮೋಸ ಅಲ್ಲವೇ?

ಉತ್ತರದ ಚಳಿ

ಪ್ರಶ್ನೆಯ ಮೊದಲರ್ಧ ಸರಿ, ಎರಡನೆಯದು ಅದರಿಂದ ಹುಟ್ಟುವುದಿಲ್ಲ. ತಲೆನೋವು ಬಂದವರಿಗೆ ಪ್ಯಾರಾಸಿಟಮಾಲ್ ಕೊರತೆ ಇರುವುದಿಲ್ಲ. ಆದರೂ ನೋವು ಇಳಿಯುತ್ತದೆ. ಕೊರತೆಯ ಸಿದ್ಧಾಂತ ಬಿದ್ದುಹೋದ ಮಾತ್ರಕ್ಕೆ ಮಾತ್ರೆಯ ಪರಿಣಾಮ ಬಿದ್ದುಹೋಗುವುದಿಲ್ಲ.

ನಾನು ಧಾರವಾಡದಲ್ಲಿ ಓದಿ ಈಗ ಡೆನ್ಮಾರ್ಕ್‌ನಲ್ಲಿ ಮನಶ್ಶಾಸ್ತ್ರದ ಸಂಶೋಧನೆ ಮಾಡುತ್ತಿದ್ದೇನೆ. ಎಸ್ಎಸ್ಆರ್‌ಐ ಮಾತ್ರೆಗಳ ವಿಷಯದಲ್ಲಿ ಸ್ವಸ್ಥರ ಮೇಲಿನ ಪ್ರಯೋಗಗಳೇ ನಮಗೆ ಹೆಚ್ಚು ಕಲಿಸಿವೆ. ಕಾಯಿಲೆ ಗುಣವಾದದ್ದರಿಂದ ಬಂದ ಬದಲಾವಣೆ ಯಾವುದು, ಮಾತ್ರೆಯಿಂದಲೇ ಬಂದದ್ದು ಯಾವುದು ಎಂದು ರೋಗಿಗಳಲ್ಲಿ ಬಿಡಿಸಿ ನೋಡುವುದು ಕಷ್ಟ. ಸ್ವಸ್ಥರಲ್ಲಿ ಆ ಗೊಂದಲವಿಲ್ಲ.

ನರಕೋಶ ಹೊರಚೆಲ್ಲಿದ ಸೆರೊಟೋನಿನ್ನನ್ನು ಮತ್ತೆ ಒಳಗೆಳೆದುಕೊಳ್ಳುವ ಪ್ರೋಟೀನನ್ನು ಈ ಮಾತ್ರೆಗಳು ತಡೆಯುತ್ತವೆ. ಈ ತಡೆ ಕೆಲವೇ ಗಂಟೆಗಳಲ್ಲಿ ಆಗುತ್ತದೆ. ಜರ್ಮನಿಯ ಲೈಪ್ಜಿಗ್‌ನ ಮ್ಯಾಕ್ಸ್ ಪ್ಲಾಂಕ್ ಸಂಸ್ಥೆಯವರು 2014ರಲ್ಲಿ, ಈ ಗುಂಪಿನ ಎಸ್ಸಿಟಾಲೊಪ್ರಾಮ್‌ನ ಒಂದೇ ಒಂದು ಮಾತ್ರೆ 22 ಸ್ವಸ್ಥರ ಮಿದುಳಿನ ಭಾಗಗಳ ನಡುವಿನ ಸಂಪರ್ಕವನ್ನು ಮೂರು ಗಂಟೆಯೊಳಗೆ ಬದಲಿಸಿದ್ದನ್ನು ಸ್ಕ್ಯಾನ್‌ನಲ್ಲಿ ಕಂಡರು. ಆದರೆ ಆತಂಕ, ಖಿನ್ನತೆ ಇಳಿಯುವುದಕ್ಕೆ ವಾರಗಟ್ಟಲೆ ಬೇಕು. ಸೆರೊಟೋನಿನ್ ಹೆಚ್ಚಿದ್ದನ್ನು ಕಂಡು ನರಕೋಶ ತನ್ನ ಉತ್ಪಾದನೆಗೆ ತಾನೇ ಕಡಿವಾಣ ಹಾಕುತ್ತದೆ. ಆ ಕಡಿವಾಣದ ಗ್ರಾಹಕ ಮಂದವಾಗುವುದಕ್ಕೆ ಕಾಲ ಹಿಡಿಯುತ್ತದೆ ಎಂಬುದು ಒಂದು ಮುಖ್ಯ ವಿವರಣೆ. ಆ ಮೊದಲ ದಿನಗಳಲ್ಲಿ ಕೆಲವರಿಗೆ ಆತಂಕ ಇಳಿಯುವ ಬದಲು ಏರುವುದೂ ಉಂಟು. ಸಂದರ್ಶನದ ಹಿಂದಿನ ದಿನ ಸ್ನೇಹಿತನಿಂದ ಇಸಿದುಕೊಂಡು ನುಂಗಿದರೆ ಸಿಗುವುದು ಹೊಟ್ಟೆ ತೊಳಸು, ಚಡಪಡಿಕೆ. ಧೈರ್ಯ ಸಿಗುವುದಿಲ್ಲ.

ಸ್ವಸ್ಥರಿಗೆ ಇದರಿಂದ ಸಂತೋಷ ಹೆಚ್ಚುವುದೂ ಇಲ್ಲ. ಬದಲಾಗುವುದು ಸೂಕ್ಷ್ಮವಾದದ್ದು. ಆಕ್ಸ್‌ಫರ್ಡ್‌ನ ಕ್ಯಾಥರೀನ್ ಹಾರ್ಮರ್ ತಂಡ 2004ರಲ್ಲಿ ಸ್ವಸ್ಥ ಸ್ವಯಂಸೇವಕರಿಗೆ 7 ದಿನ ಅದೇ ಗುಂಪಿನ ಸಿಟಾಲೊಪ್ರಾಮ್ ಕೊಟ್ಟಿತು. ಅವರ ಮನಃಸ್ಥಿತಿಯಲ್ಲಿ ಹೇಳಿಕೊಳ್ಳುವಂಥ ಬದಲಾವಣೆ ಇರಲಿಲ್ಲ. ಆದರೆ ಭಯದ, ಕೋಪದ ಮುಖಗಳನ್ನು ಗುರುತಿಸುವುದು ಕಡಿಮೆಯಾಯಿತು. ಅಂದರೆ ಲೋಕದ ಯಾವ ಸುದ್ದಿಗೆ ಎಷ್ಟು ತೂಕ ಎಂಬುದನ್ನು ಮಾತ್ರೆ ಮೊದಲು ಬದಲಿಸುತ್ತದೆ. ಎಲ್ಲರ ಮುಖದಲ್ಲೂ ತಿರಸ್ಕಾರವನ್ನೇ ಕಾಣುವ ರೋಗಿಗೆ ಇದು ದೊಡ್ಡ ಉಪಕಾರ. ಎದುರಿನವರ ಸಿಟ್ಟನ್ನು ಸರಿಯಾಗಿಯೇ ಓದುತ್ತಿದ್ದವನಿಗೆ ಇದರಿಂದ ಏನು ಲಾಭ?

2023ರಲ್ಲಿ ಕೇಂಬ್ರಿಜ್ ಮತ್ತು ಕೋಪನ್‌ಹೇಗನ್ ವಿಶ್ವವಿದ್ಯಾಲಯಗಳವರು 66 ಸ್ವಸ್ಥರಲ್ಲಿ ಕೆಲವರಿಗೆ ಎಸ್ಸಿಟಾಲೊಪ್ರಾಮ್, ಕೆಲವರಿಗೆ ಔಷಧಿಯಿಲ್ಲದ ಹುಸಿಮಾತ್ರೆಯನ್ನು ಕನಿಷ್ಠ 21 ದಿನ ಕೊಟ್ಟು ನೋಡಿದರು. ಪರದೆಯ ಮೇಲೆ ಎರಡು ಆಯ್ಕೆ. ಒಂದನ್ನು ಆರಿಸಿದರೆ ಐದರಲ್ಲಿ ನಾಲ್ಕು ಸಲ ಬಹುಮಾನ, ಇನ್ನೊಂದಕ್ಕೆ ಐದರಲ್ಲಿ ಒಂದೇ ಸಲ. ಯಾವುದು ಒಳ್ಳೆಯದೆಂದು ಆಡುತ್ತ ಆಡುತ್ತ ಕಲಿಯಬೇಕು. ಕಲಿತ ಮೇಲೆ ಸದ್ದಿಲ್ಲದೆ ನಿಯಮ ತಿರುಗುಮುರುಗಾಗುತ್ತದೆ. ಮಾತ್ರೆ ತೆಗೆದುಕೊಂಡವರು ಬಹುಮಾನ ಮತ್ತು ಶಿಕ್ಷೆಗಳಿಂದ ಕಲಿಯುವುದರಲ್ಲಿ ಮಂದವಾಗಿದ್ದರು. ಈ ಮಾತ್ರೆ ಸೇವಿಸುವ ರೋಗಿಗಳಲ್ಲಿ ಅನೇಕರು "ದುಃಖವೂ ಇಲ್ಲ, ಖುಷಿಯೂ ಇಲ್ಲ" ಎಂದು ಹೇಳುವುದಕ್ಕೆ ಇದೇ ಬುಡವಿರಬಹುದು ಎಂಬುದು ಆ ಸಂಶೋಧಕರ ಅಭಿಪ್ರಾಯ. ಗಮನ, ನೆನಪಿನಂಥ ಬೇರೆ ಪರೀಕ್ಷೆಗಳಲ್ಲಿ ಅವರು ಹಿಂದೆ ಬೀಳಲಿಲ್ಲ ಎಂಬುದನ್ನೂ ಹೇಳಬೇಕು.

ನಾಲ್ಕನೆಯ ತಂತಿ

ನಾನು ಪಿಟೀಲು ನುಡಿಸುತ್ತೇನೆ. ನಮ್ಮ ವಲಯದಲ್ಲಿ ಈ ಎರಡೂ ಅಲ್ಲದ ಮೂರನೆಯ ಮಾತ್ರೆ ಓಡಾಡುತ್ತದೆ: ಪ್ರೊಪ್ರನಾಲಾಲ್. ಕಛೇರಿಗೆ ಒಂದು ಗಂಟೆ ಮುಂಚೆ ತೆಗೆದುಕೊಂಡರೆ ಕಮಾನು ಹಿಡಿದ ಕೈ ನಡುಗುವುದಿಲ್ಲ. ಇದು ಮಿದುಳಿಗೆ ಹೋಗುವುದೇ ಇಲ್ಲ, ಬರೀ ಹೃದಯದ ಮಾತ್ರೆ ಎನ್ನುತ್ತಾರೆ. ನಿಜವೇ?

ಸಂಜೆಮಲ್ಲಿಗೆ

ಅರ್ಧ ನಿಜ. ಬ್ರಿಟನ್ನಿನ ಜೇಮ್ಸ್ ಬ್ಲ್ಯಾಕ್ 1960ರ ದಶಕದಲ್ಲಿ ಹೃದ್ರೋಗಕ್ಕಾಗಿ ರೂಪಿಸಿದ ಔಷಧಿ ಅದು. 1988ರಲ್ಲಿ ಅವರಿಗೆ ನೊಬೆಲ್ ಬಂತು. ಅಡ್ರಿನಲಿನ್ ಕೂರುವ ಬೀಟಾ ಗ್ರಾಹಕವನ್ನು ಅದು ಮುಚ್ಚುತ್ತದೆ. ಎದೆಬಡಿತ, ಕೈನಡುಕ ತಗ್ಗುವುದು ಬಹುಪಾಲು ದೇಹದ ಮಟ್ಟದಲ್ಲಿ. ಎದೆ ಹೊಡೆದುಕೊಳ್ಳದಿದ್ದಾಗ ಮನಸ್ಸೂ ಸ್ವಲ್ಪ ಸಮಾಧಾನವಾಗುತ್ತದೆ. ನಡುಕ ತಗ್ಗಿಸುವ ಈ ಗುಣಕ್ಕಾಗಿಯೇ ಗುರಿ ಹೊಡೆಯುವ ಕ್ರೀಡೆಗಳಲ್ಲಿ ಅದು ನಿಷಿದ್ಧ. 2008ರ ಬೀಜಿಂಗ್ ಒಲಿಂಪಿಕ್ಸ್‌ನಲ್ಲಿ ಉತ್ತರ ಕೊರಿಯಾದ ಶೂಟರ್ ಕಿಮ್ ಜಾಂಗ್-ಸು ಇದೇ ಔಷಧಿಯಿಂದ ಎರಡು ಪದಕ ಕಳೆದುಕೊಂಡರು.

ಆದರೆ ಅದು ಕೊಬ್ಬಿನಲ್ಲಿ ಕರಗುವ ಔಷಧಿ, ಮಿದುಳಿಗೆ ಸಲೀಸಾಗಿ ಹೋಗುತ್ತದೆ. ಹೋಗಿ ಏನು ಮಾಡುತ್ತದೆ ಎಂಬುದಕ್ಕೆ 1994ರ ಒಂದು ಸೊಗಸಾದ ಪ್ರಯೋಗವಿದೆ. ಕ್ಯಾಲಿಫೋರ್ನಿಯಾದ ಲ್ಯಾರಿ ಕಾಹಿಲ್, ಜೇಮ್ಸ್ ಮೆಕ್‌ಗಾ ಮತ್ತಿತರರು ಸ್ವಸ್ಥರಿಗೆ ಚಿತ್ರಗಳ ಜೊತೆ ಒಂದು ಕಥೆ ಹೇಳಿದರು. ತಾಯಿ ಮಗ ಆಸ್ಪತ್ರೆಯಲ್ಲಿ ಕೆಲಸ ಮಾಡುವ ತಂದೆಯನ್ನು ನೋಡಲು ಹೊರಡುತ್ತಾರೆ. ಒಂದು ಗುಂಪಿಗೆ ಹೇಳಿದ ಕಥೆ ಸಪ್ಪೆ, ಇನ್ನೊಂದು ಗುಂಪಿನ ಕಥೆಯಲ್ಲಿ ದಾರಿಯಲ್ಲಿ ಹುಡುಗನಿಗೆ ಭೀಕರ ಅಪಘಾತ. ಕೆಲವರು ಕಥೆಗೆ ಮುಂಚೆ ಪ್ರೊಪ್ರನಾಲಾಲ್ ತೆಗೆದುಕೊಂಡಿದ್ದರು, ಕೆಲವರು ಹುಸಿಮಾತ್ರೆ. ಒಂದು ವಾರದ ನಂತರ ಕೇಳಿದಾಗ, ಹುಸಿಮಾತ್ರೆಯವರಿಗೆ ಅಪಘಾತದ ಭಾಗ ಎದ್ದು ನೆನಪಿತ್ತು. ಪ್ರೊಪ್ರನಾಲಾಲ್‌ನವರಿಗೆ ಅದೂ ಸಪ್ಪೆ ಭಾಗಗಳಷ್ಟೇ ನೆನಪಿತ್ತು. ಸಾಮಾನ್ಯ ನೆನಪಿಗೆ ಧಕ್ಕೆಯಿಲ್ಲ, ಭಾವನೆ ನೆನಪಿಗೆ ಕೊಡುವ ಹೆಚ್ಚಿನ ಬಲ ಮಾತ್ರ ಮಾಯ.

ನಿಮ್ಮ ಕಛೇರಿಗಳು ನಿಮಗೆ ಹೇಗೆ ನೆನಪಿರಬೇಕು ಎಂಬುದನ್ನು ನೀವೇ ಯೋಚಿಸಿ. ಅಸ್ತಮಾ ಇದ್ದರಂತೂ ಯೋಚಿಸುವ ಮಾತೇ ಇಲ್ಲ. ಶ್ವಾಸನಾಳ ಬಿಗಿದು ಅನಾಹುತವಾದೀತು.

ನಾಲ್ಕನೆಯ ತಂತಿ

ಅಸ್ತಮಾ ಇಲ್ಲ. ವೈದ್ಯರ ಚೀಟಿ ಇದೆ, ಅಪರೂಪಕ್ಕೆ ಮಾತ್ರ. ಆದರೆ ನೆನಪಿನ ವಿಷಯ ಯಾರೂ ಹೇಳಿರಲಿಲ್ಲ. ಧನ್ಯವಾದ ಮೇಡಂ.

ಬೇವಿನ ನೆರಳು

ಇಷ್ಟು ಹೊತ್ತು ಓದಿ ತಡೆಯಲಾರದೆ ಬರೆಯುತ್ತಿದ್ದೇನೆ. ನನಗೆ ಪ್ಯಾನಿಕ್ ಕಾಯಿಲೆ ಇದೆ. ಮೊದಲ ಸಲ ಬಂದದ್ದು ಸರ್ಕಾರಿ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತಿದ್ದಾಗ. ಬೆರಳುಗಳೆಲ್ಲ ಜುಮ್ಮೆಂದವು, ಎದೆ ಗಂಟಲಿಗೆ ಬಂತು, ಸತ್ತೇ ಹೋಗುತ್ತೇನೆ ಎಂದು ಕಂಡಕ್ಟರ್‌ನ ಕೈ ಹಿಡಿದುಕೊಂಡೆ. ಇಸಿಜಿ ಸರಿಯಿತ್ತು. ಆಮೇಲೆ ತಿಂಗಳುಗಟ್ಟಲೆ ಬಸ್ ಹತ್ತಲಿಲ್ಲ, ಸಂತೆಗೆ ಹೋಗಲಿಲ್ಲ. ಎಸ್ಸಿಟಾಲೊಪ್ರಾಮ್ ಮತ್ತು ಆಪ್ತಸಮಾಲೋಚನೆ ನನ್ನನ್ನು ಮನೆಯಿಂದ ಹೊರಗೆ ತಂದವು. ಮೊದಲ ಕೆಲವು ವಾರ ಆಲ್ಪ್ರಜೊಲಾಮ್ ಗುಂಪಿನದೇ ಆದ ಕ್ಲೊನಜೆಪಾಮ್ ಕೂಡ ಕೊಟ್ಟು, ವೈದ್ಯರೇ ಮೆಲ್ಲಗೆ ಬಿಡಿಸಿದರು.

ಈ ಚರ್ಚೆ ಓದಿದ ನನ್ನಂಥ ಇನ್ನೊಬ್ಬರು "ಮಾತ್ರೆ ಮಿದುಳನ್ನು ಕೆಡಿಸುತ್ತದೆಯಂತೆ" ಎಂದು ನಾಳೆ ಬೆಳಿಗ್ಗೆ ನಿಲ್ಲಿಸಿದರೆ ಅದರ ಹೊಣೆ ಯಾರದು? ಸ್ವಸ್ಥರಲ್ಲಿ ಕಂಡದ್ದನ್ನು ನಮ್ಮ ತಲೆಗೆ ಕಟ್ಟಬೇಡಿ.

ಸಂಜೆಮಲ್ಲಿಗೆ

ಬೇವಿನ ನೆರಳು ಅವರೇ, ನೀವು ಬರೆದದ್ದು ಒಳ್ಳೆಯದಾಯಿತು. ನಿಮ್ಮ ಮಾತಿಗೆ ಪುರಾವೆಯೇ ಇದೆ. ಈ ಇಡೀ ವಿಷಯದಲ್ಲಿ ನನಗೆ ಅತ್ಯಂತ ಮುಖ್ಯವೆನಿಸುವುದೂ ಅದೇ.

2004ರಲ್ಲಿ ಅಮೆರಿಕದ ಗಾಡರ್ಡ್ ಮತ್ತು ಸಹೋದ್ಯೋಗಿಗಳು ಪ್ಯಾನಿಕ್ ರೋಗಿಗಳಿಗೂ ಸ್ವಸ್ಥರಿಗೂ ಕ್ಲೊನಜೆಪಾಮ್ ಕೊಟ್ಟು, ಮಿದುಳಿನ ಹಿಂಭಾಗದಲ್ಲಿ ಗಾಬಾ ಎಷ್ಟಿದೆ ಎಂದು ಎಂಆರ್‌ಐ ಬಗೆಯ ವಿಧಾನದಿಂದ ಅಳೆದರು. ಸ್ವಸ್ಥರಲ್ಲಿ ಗಾಬಾ ಇಳಿಯಿತು. ಹೌದು, ಇಳಿಯಿತು. ಹೊರಗಿನಿಂದ ಬಂದ ಮಾತ್ರೆ ಗಾಬಾದ ಕೆಲಸವನ್ನು ಹೆಚ್ಚಿಸಿದ್ದಕ್ಕೆ ಉತ್ತರವಾಗಿ ಸ್ವಸ್ಥ ಮಿದುಳು ತನ್ನ ಗಾಬಾವನ್ನು ತಗ್ಗಿಸಿತು ಎಂದು ಅದನ್ನು ಓದಬಹುದು. ಪ್ಯಾನಿಕ್ ರೋಗಿಗಳಲ್ಲಿ ಆ ಇಳಿತ ಕಾಣಲಿಲ್ಲ. ಸಣ್ಣ ಅಧ್ಯಯನ, ಅದರ ಮೇಲೆ ಗೋಪುರ ಕಟ್ಟುವುದು ಬೇಡ. ಆದರೂ ಒಂದೇ ಮಾತ್ರೆಗೆ ಎರಡು ಮಿದುಳುಗಳು ಒಂದೇ ಉತ್ತರ ಕೊಡಲಿಲ್ಲ ಎಂಬುದು ಅದರಲ್ಲಿ ಕಾಣುತ್ತದೆ.

ನಿಮ್ಮಲ್ಲಿ ಎಚ್ಚರಿಕೆಯ ವ್ಯವಸ್ಥೆ ಕಾರಣವಿಲ್ಲದೆ ಕೂಗುತ್ತಿತ್ತು. ಅದನ್ನು ತಗ್ಗಿಸಿದ್ದರಿಂದ ನಿಮಗೆ ಬದುಕು ಮರಳಿ ಬಂತು. ಆ ಲಾಭದ ಮುಂದೆ ಸಣ್ಣಪುಟ್ಟ ಅಡ್ಡಪರಿಣಾಮ ತಾಳಿಕೊಳ್ಳುವುದು ಸರಿಯಾದ ಲೆಕ್ಕ. ಸ್ವಸ್ಥ ಹುಡುಗನಲ್ಲಿ ಆ ವ್ಯವಸ್ಥೆ ಸಂದರ್ಶನಕ್ಕೆ ತಕ್ಕಷ್ಟೇ ಕೂಗುತ್ತಿದೆ. ಅವನಿಗೆ ಸಿಗುವ ಲಾಭ ಬಹಳ ಕಡಿಮೆ, ತೆರುವ ಬೆಲೆ ಮಾತ್ರ ನಿಮ್ಮಷ್ಟೇ.

ಸ್ವಸ್ಥರಿಗೆ ಇದು ಅಷ್ಟೇನೂ ಹಿಡಿಸುವುದೂ ಇಲ್ಲ. ಷಿಕಾಗೊ ವಿಶ್ವವಿದ್ಯಾಲಯದಲ್ಲಿ 1980ರ ಸುಮಾರಿಗೆ ಸ್ವಸ್ಥ ಸ್ವಯಂಸೇವಕರಿಗೆ ಬೇರೆ ಬೇರೆ ಬಣ್ಣದ ಕ್ಯಾಪ್ಸೂಲ್‌ಗಳಲ್ಲಿ ಡಯಜೆಪಾಮ್ ಮತ್ತು ಹುಸಿಮಾತ್ರೆಯ ರುಚಿ ತೋರಿಸಿ, ಆಮೇಲೆ ಬೇಕಾದ ಬಣ್ಣ ಆರಿಸಿಕೊಳ್ಳಿ ಎಂದರು. ಡಯಜೆಪಾಮ್‌ನ ಕಡೆಗೆ ಅವರಿಗೆ ಒಲವಿರಲಿಲ್ಲ. ಪ್ರಮಾಣ ಹೆಚ್ಚಿದ್ದಾಗ ಹುಸಿಮಾತ್ರೆಯನ್ನೇ ಹೆಚ್ಚು ಆರಿಸಿದರು.

ಕೃಷ್ಣೆಯ ದಂಡೆ

ಎಲ್ಲರಿಗೂ ಕೃತಜ್ಞತೆ. ಇದನ್ನೆಲ್ಲ ತಮ್ಮನಿಗೆ ಓದಿಸಿದೆ. ಹಳೆಯ ಅಭ್ಯರ್ಥಿಯವರ ಗೆಳೆಯನ ಕಥೆ ಓದುವಾಗ ಅವನ ಮುಖ ಸಪ್ಪಗಾಯಿತು. ಆಮೇಲೆ ಇನ್ನೊಂದು ವಿಷಯ ಹೊರಬಂತು. ಸಂದರ್ಶನಕ್ಕೆ ಮುಂಚೆ ಅರ್ಧ ಎಂದದ್ದು ಹಳೆಯ ಮಾತಂತೆ. ಪೂರ್ವಭಾವಿ ಪರೀಕ್ಷೆಯ ದಿನಗಳಿಂದ ಪ್ರತಿ ರಾತ್ರಿ ಒಂದು, ಕೆಲವೊಮ್ಮೆ ಒಂದೂವರೆ ತೆಗೆದುಕೊಳ್ಳುತ್ತಿದ್ದಾನೆ. ಇಲ್ಲದಿದ್ದರೆ ನಿದ್ದೆ ಬರುವುದಿಲ್ಲ, ಕೈ ಬೆವರುತ್ತದೆ ಎನ್ನುತ್ತಾನೆ. ಈಗ ಹೆದರಿ, ಇವತ್ತಿನಿಂದಲೇ ಪೂರ್ತಿ ಬಿಡುತ್ತೇನೆ ಎನ್ನುತ್ತಿದ್ದಾನೆ.

ಸಂಜೆಮಲ್ಲಿಗೆ

ಇವತ್ತಿನಿಂದಲೇ ಪೂರ್ತಿ ಬಿಡಬಾರದು. ದಯವಿಟ್ಟು ಇದನ್ನು ಅವನಿಗೆ ಈಗಲೇ ಹೇಳಿ.

ವಾರಗಟ್ಟಲೆ ಪ್ರತಿದಿನ ಮಾತ್ರೆ ಬಂದರೆ ಮಿದುಳು ಅದಕ್ಕೆ ಹೊಂದಿಕೊಳ್ಳುತ್ತದೆ. ಗಾಬಾ ಗ್ರಾಹಕ ಮಾತ್ರೆಯ ಮಾತನ್ನು ಮೊದಲಿನಷ್ಟು ಕೇಳುವುದಿಲ್ಲ, ಗ್ಲುಟಮೇಟ್ ಎಂಬ ಉದ್ರೇಕದ ರಾಸಾಯನಿಕದ ಕಡೆಯ ವ್ಯವಸ್ಥೆ ಬಲಿಯುತ್ತದೆ. ಅರ್ಧ ಮಾತ್ರೆ ಒಂದಾಗುವುದು, ಒಂದು ಒಂದೂವರೆಯಾಗುವುದು ಹೀಗೆ. ಆ ಸ್ಥಿತಿಯಲ್ಲಿ ಥಟ್ಟನೆ ಮಾತ್ರೆ ತೆಗೆದರೆ ಕಡಿವಾಣ ಸಡಿಲ, ಉದ್ರೇಕ ಪ್ರಬಲ. ನಿದ್ದೆಗೇಡು, ನಡುಕ, ಮೊದಲಿಗಿಂತ ಹೆಚ್ಚಿನ ಆತಂಕ, ಕೆಲವರಲ್ಲಿ ಫಿಟ್ಸ್ ಕೂಡ. ಹಿಂದೆ ಯಾವ ಮನೋರೋಗವೂ ಇಲ್ಲದಿದ್ದವರಿಗೂ ಇದು ಆಗುತ್ತದೆ. ಅವನು ಹೇಳುವ ಬೆವರು, ನಿದ್ದೆಗೇಡು ಇದರ ಮುನ್ಸೂಚನೆ ಇರಬಹುದು. ಕೆಲವೇ ದಿನಗಳಿಂದ ವಾರಗಳವರೆಗಿನ ನಿರಂತರ ಬಳಕೆಯಿಂದಲೂ ದೈಹಿಕ ಅವಲಂಬನೆ ಬರಬಹುದು ಎಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2020ರಲ್ಲಿ ಈ ಗುಂಪಿನ ಎಲ್ಲ ಔಷಧಿಗಳ ಮೇಲೂ ಕಡುಎಚ್ಚರಿಕೆ ಹಾಕಿಸಿತು.

ಬಿಡುವುದಕ್ಕೆ ಕ್ರಮವಿದೆ. ಬ್ರಿಟನ್ನಿನ ನ್ಯೂಕಾಸಲ್‌ನಲ್ಲಿ ಹೆದರ್ ಆಷ್ಟನ್ 1982ರಿಂದ 1994ರವರೆಗೆ ಇದಕ್ಕೆಂದೇ ಚಿಕಿತ್ಸಾಲಯ ನಡೆಸಿದರು. ಬೇಗ ಇಳಿಯುವ ಮಾತ್ರೆಯ ಬದಲು ದೇಹದಲ್ಲಿ ನಿಧಾನವಾಗಿ ಕರಗುವ ಡಯಜೆಪಾಮ್‌ಗೆ ಬದಲಿಸಿ, ಸ್ವಲ್ಪಸ್ವಲ್ಪವೇ ಇಳಿಸುವುದು ಅವರ ವಿಧಾನ. 2025ರಲ್ಲಿ ಅಮೆರಿಕದ ವ್ಯಸನ ವೈದ್ಯರ ಸಂಘ ಮತ್ತಿತರ ಸಂಸ್ಥೆಗಳು ಹೊರತಂದ ಮಾರ್ಗಸೂಚಿ, ಎರಡರಿಂದ ನಾಲ್ಕು ವಾರಕ್ಕೊಮ್ಮೆ ಶೇ 5ರಿಂದ 10ರಷ್ಟು ಇಳಿಸುವುದನ್ನು ಆರಂಭದ ಲೆಕ್ಕವಾಗಿ ಹೇಳುತ್ತದೆ. ಅವನಿಗೆ ಎಷ್ಟು ಎಂಬುದನ್ನು ಅವನನ್ನು ನೋಡಿದ ವೈದ್ಯರೇ ಹೇಳಬೇಕು. ಧಾರವಾಡದಲ್ಲಿಯೇ ಡಿಮ್ಹಾನ್ಸ್ ಮಾನಸಿಕ ಆರೋಗ್ಯ ಸಂಸ್ಥೆ ಇದೆ, ಅಲ್ಲಿನ ಹೊರರೋಗಿ ವಿಭಾಗಕ್ಕೆ ಕರೆದುಕೊಂಡು ಹೋಗಿ. ಅಷ್ಟರೊಳಗೆ ಮಾತನಾಡಬೇಕೆನಿಸಿದರೆ ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿ-ಮಾನಸ್‌ನ 14416ಕ್ಕೆ ಕರೆ ಮಾಡಬಹುದು, ಕನ್ನಡದಲ್ಲೇ ಮಾತನಾಡುತ್ತಾರೆ. ಫಿಟ್ಸ್ ಬಂದರೆ ಅಥವಾ ಅವನು ಗೊಂದಲದಿಂದ ಏನೇನೋ ಮಾತನಾಡತೊಡಗಿದರೆ ಕಾಯಬೇಡಿ, ನೇರ ತುರ್ತು ಚಿಕಿತ್ಸೆಗೆ.

ಔಷಧಿ ಕಪಾಟು

ಹೋಗುವಾಗ ಖಾಲಿ ಸ್ಟ್ರಿಪ್ಪುಗಳನ್ನೂ ತೆಗೆದುಕೊಂಡು ಹೋಗಿ. ಪ್ರಮಾಣವನ್ನು ಬಾಯಲ್ಲಿ ಹೇಳುವಾಗ ಹುಡುಗರು ಯಾವಾಗಲೂ ಕಡಿಮೆ ಹೇಳುತ್ತಾರೆ. ಕಳೆದ ಕೆಲವು ವಾರಗಳಲ್ಲಿ ಬೇರೆ ಯಾವ ಮಾತ್ರೆ ತೆಗೆದುಕೊಂಡಿದ್ದಾನೆ ಎಂಬುದನ್ನೂ ಬರೆದುಕೊಂಡು ಹೋಗಿ, ಹುಳುಕಡ್ಡಿಯದೂ ಸೇರಿ.

ಬೆಳಗಿನ ನಡಿಗೆ

ಔಷಧಿಯೇ ಬೇಡ ಎನ್ನುವವರಿಗೆ ಯೋಗ, ಪ್ರಾಣಾಯಾಮ ಇವೆಯಲ್ಲ. ಇವುಗಳಿಂದ ಗಾಬಾ ಹೆಚ್ಚುತ್ತದೆ ಎಂದು ಓದಿದ್ದೇನೆ. ನಿಜವೇ ಅಥವಾ ಬರೀ ಅಭಿಮಾನವೇ?

ಉತ್ತರದ ಚಳಿ

ಆಧಾರವಿದೆ, ಆದರೆ ತೆಳುವಾಗಿದೆ. ಬಾಸ್ಟನ್ನಿನ ಕ್ರಿಸ್ ಸ್ಟ್ರೀಟರ್ ತಂಡ 2010ರಲ್ಲಿ ಸ್ವಸ್ಥರಲ್ಲಿ 12 ವಾರದ ಯೋಗವನ್ನು ನಡಿಗೆಯ ಜೊತೆ ಹೋಲಿಸಿತು. ಯೋಗದವರಲ್ಲಿ ಮನಃಸ್ಥಿತಿ ಹೆಚ್ಚು ಸುಧಾರಿಸಿತು, ಅದಕ್ಕೂ ಥಲಾಮಸ್ ಭಾಗದ ಗಾಬಾ ಮಟ್ಟಕ್ಕೂ ನಂಟು ಕಂಡಿತು. ನಮ್ಮ ನಿಮ್ಹಾನ್ಸ್‌ನವರು 2011ರಲ್ಲಿ ಪ್ರಕಟಿಸಿದ ಕಿರು ಅಧ್ಯಯನದಲ್ಲಿ, ಗಟ್ಟಿಯಾಗಿ ಓಂಕಾರ ಹೇಳುವಾಗ ಅಮಿಗ್ಡಲಾ ಸೇರಿದಂತೆ ಭಾವನೆಯ ಭಾಗಗಳ ಚಟುವಟಿಕೆ ತಗ್ಗಿತ್ತು. ಬರೀ "ಸ್ಸ್" ಎಂದು ಉಸಿರು ಬಿಟ್ಟಾಗ ಹಾಗಾಗಲಿಲ್ಲ. ಎರಡೂ ಸಣ್ಣವು. ಮಾತ್ರೆಗೆ ಅಂಟಿಕೊಂಡ ಮಿದುಳನ್ನು ಪ್ರಾಣಾಯಾಮವೊಂದೇ ಬಿಡಿಸುತ್ತದೆ ಎಂದು ಇವುಗಳಿಂದ ಹೇಳಲಾಗದು. ಸಂದರ್ಶನದ ದಿಗಿಲಿಗೆ ನಾನು ಹೇಳುವುದಾದರೆ, ಅಪರಿಚಿತರ ಮುಂದೆ ಮತ್ತೆ ಮತ್ತೆ ಅಣಕು ಸಂದರ್ಶನ ಕೊಡುವುದೇ ಮೇಲು, ಅದೂ ಮಾತ್ರೆ ಇಲ್ಲದೆ. ಭಯದ ಎದುರು ಕೂತು ಏನೂ ಕೆಡಲಿಲ್ಲ ಎಂದು ಮಿದುಳು ಕಲಿಯಬೇಕು. ಬೆಂಜೊಡಯಜೆಪೀನ್ ಆ ಕಲಿಕೆಗೂ ಅಡ್ಡ ಬರುತ್ತದೆ.

ಕೃಷ್ಣೆಯ ದಂಡೆ

ತಮ್ಮ ಒಪ್ಪಿದ್ದಾನೆ. ಸೋಮವಾರ ನಾನೂ ಅವನ ಜೊತೆ ಧಾರವಾಡಕ್ಕೆ ಹೋಗುತ್ತಿದ್ದೇನೆ. ಅಲ್ಲಿಯವರೆಗೆ ಇರುವ ಪ್ರಮಾಣವನ್ನೇ ತೆಗೆದುಕೊಳ್ಳಲು ಹೇಳಲೇ ಎಂದು ಟೆಲಿ-ಮಾನಸ್‌ಗೆ ಕರೆ ಮಾಡಿ ಕೇಳಿದೆ. ತಾನಾಗಿ ಏನನ್ನೂ ಬದಲಿಸುವುದು ಬೇಡ, ಹೆಚ್ಚಿಸುವುದೂ ಬೇಡ ಎಂದರು. ಅವನ ಕೊನೆಯ ಪ್ರಶ್ನೆ ಒಂದೇ: ಬಿಟ್ಟ ಮೇಲೆ ಮಿದುಳು ಮೊದಲಿನಂತಾಗುತ್ತದೆಯೇ?

ಸಂಜೆಮಲ್ಲಿಗೆ

ಬಹುಪಾಲು ಜನರಲ್ಲಿ ಆಗುತ್ತದೆ. ಗ್ರಾಹಕಗಳು ಮರಳಿ ಹೊಂದಿಕೊಳ್ಳುವುದಕ್ಕೆ ವಾರಗಳು, ಕೆಲವೊಮ್ಮೆ ತಿಂಗಳುಗಳು ಹಿಡಿಯುತ್ತವೆ. ವರ್ಷಗಟ್ಟಲೆ ತೆಗೆದುಕೊಂಡ ಕೆಲವರಲ್ಲಿ ಲಕ್ಷಣಗಳು ಹೆಚ್ಚು ಕಾಲ ಎಳೆಯುತ್ತವೆ. ಅವನ ವಯಸ್ಸು ಚಿಕ್ಕದು, ಬಳಕೆಯ ಕಾಲವೂ ಅಷ್ಟು ದೊಡ್ಡದಲ್ಲ. ಮಾತ್ರೆಯ ಹೊತ್ತಿನಲ್ಲಿ ಓದಿ ಅಂಟದೆ ಹೋದದ್ದು ಮಾತ್ರ ತಾನಾಗಿ ಮರಳುವುದಿಲ್ಲ, ಅದನ್ನು ಮತ್ತೆ ಓದಬೇಕಾಗುತ್ತದೆ. ಇಳಿಸುವ ದಿನಗಳಲ್ಲಿ ಒಂದೆರಡು ರಾತ್ರಿ ನಿದ್ದೆ ಕೆಟ್ಟರೆ ಕಾಯಿಲೆ ಬಂತೆಂದು ಹೆದರಿ ಪ್ರಮಾಣ ಏರಿಸಬಾರದು, ವೈದ್ಯರಿಗೆ ಹೇಳಬೇಕು. ಅವರು ಇಳಿಸುವ ವೇಗವನ್ನು ತಗ್ಗಿಸುತ್ತಾರೆ. ಮುಖ್ಯ ಪರೀಕ್ಷೆ ಯಾವಾಗ ಇದೆ ಎಂಬುದನ್ನು ಮೊದಲ ಭೇಟಿಯಲ್ಲೇ ತಿಳಿಸಿ, ಅದನ್ನು ನೋಡಿಕೊಂಡು ವೇಳಾಪಟ್ಟಿ ಮಾಡಲು ಅವರಿಗೆ ಅನುಕೂಲವಾಗುತ್ತದೆ.